ಮಾಸ್ತರರ ಪೇಟಿಯನ್ನು ಶ್ರುತಿಗೆ ತಂದದ್ದು

ನನ್ನ ಕಿವಿ ಚೊಕ್ಕ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಆದ ಅನಾಹುತಕ್ಕೆಲ್ಲ ಅದೇ ಕಾರಣವಾದ್ದರಿಂದ ಮೊದಲೇ ಹೇಳಿಬಿಡುವುದು ನ್ಯಾಯ. ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ನಾನು ಸಂಗೀತ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಕೊನೆಯ ಸಾಲಿನ ಯಾವಳೋ ಒಬ್ಬಳು ಕೂದಲೆಳೆಯಷ್ಟು ಕೆಳಗೆ ಜಾರಿದರೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಮದುವೆಗೆ ಹೋದರೆ ಬ್ಯಾಂಡಿನವರಿಂದ ದೂರ ಕೂರುತ್ತೇನೆ. ಸ್ಟಾಫ್ ರೂಮಿನಲ್ಲಿ ನಾನಿರುವಾಗ ಯಾರೂ ಹಾಡು ಗುನುಗುವುದಿಲ್ಲ. ಇಂಥ ಕಿವಿ ಇರುವವರು ತಮಗೆ ಕೇಳಿದ್ದೇ ಸರಿ ಎಂದು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ.

ಈ ಕಿವಿಯನ್ನು ತಯಾರು ಮಾಡಿದವನು ನನ್ನಪ್ಪ. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿ ಇತ್ತು. ನಮ್ಮ ಕಡೆ ಹಾರ್ಮೋನಿಯಂ ಎಂದು ಯಾರೂ ಅನ್ನುವುದಿಲ್ಲ, ಪೇಟಿ. ಬೆರಳೊತ್ತುವ ಕಪ್ಪು ಬಿಳುಪು ಪಟ್ಟಿಗಳಿಗೆ ಮನೆ ಅನ್ನುತ್ತೇವೆ. ಒಂದೊಂದು ಮನೆಯ ಕೆಳಗೂ ಹಿತ್ತಾಳೆಯ ಒಂದು ತೆಳು ನಾಲಗೆ, ಅದು ರೀಡು. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಒಂದೆರಡು ಸಲ ಆಚೀಚೆ ಮಾಡಬಹುದು. ಅದಕ್ಕಿಂತ ಹೆಚ್ಚು ಕೆರೆದರೆ ನಾಲಗೆ ಸವೆದು, ಒಂದು ದಿನ ಬಾರಿಸುತ್ತಿರುವಾಗಲೇ ಮುರಿದು ಬೀಳುತ್ತದೆ. ಹತ್ತು ವರ್ಷದವಳಿದ್ದಾಗಲೇ ಅಪ್ಪ ನನ್ನ ಕೈಗೆ ಸಣ್ಣ ಅರ ಕೊಟ್ಟು, ಕಣ್ಣು ಮುಚ್ಚಿ ಕೇಳು, ಆಮೇಲೆ ಕೆರೆ ಎಂದಿದ್ದ. ಕೇಳುವುದನ್ನು ಬೇಗ ಕಲಿತೆ. ಕೆರೆಯುವುದನ್ನು ಅದಕ್ಕಿಂತ ಬೇಗ ಕಲಿತೆ.

ಆ ಅಂಗಡಿಗೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಇಂಗಳೇಶ್ವರದಿಂದ ಮಾಸ್ತರರು ಬರುತ್ತಿದ್ದರು. ಎರಡು ಬಸ್ಸು ಬದಲಿಸಿ, ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೊಂದು ಹಳೆಯ ಕೌದಿ ಸುತ್ತಿಕೊಂಡು. ಪೇಟಿ ಬಾರಿಸುವವರನ್ನೆಲ್ಲ ನಮ್ಮಲ್ಲಿ ಮಾಸ್ತರ ಎಂದೇ ಕರೆಯುವುದು; ಅವರು ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಹೊಟ್ಟೆಪಾಡಿಗೆ ಊರಿನ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸುತ್ತಿದ್ದರು. ಹುಬ್ಬಿನ ಮೇಲೂ ಕಿವಿಯ ಮೇಲೂ ಸದಾ ಹಿಟ್ಟು. ಅಪ್ಪನ ಗೆಳೆಯರಾದ್ದರಿಂದ ನಾನು ಕಾಕಾ ಎನ್ನುತ್ತಿದ್ದೆ.

ಬಂದವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. "ಗಾಳಿ ಎಲ್ಲಿ ಹೋಗ್ತೈತಿ ಅದನ್ನಷ್ಟ ನೋಡಪಾ. ರೀಡಿಗೆ ಕೈ ಹಚ್ಚಬ್ಯಾಡ."

"ನಾ ಯಾಕ ಹಚ್ಚಲಿ ಮಾರಾಯಾ," ಎಂದು ಅಪ್ಪ ತಿದಿಯನ್ನು ಬಿಚ್ಚುತ್ತಿದ್ದ. ತಿದಿ ಅಂದರೆ ಹಿಂದೆ ಗಾಳಿ ತುಂಬುವ ಚರ್ಮದ ಭಾಗ. ಅದರ ತೂತು ಮುಚ್ಚುತ್ತಿದ್ದ, ಸ್ಪ್ರಿಂಗು ಬಿಗಿ ಮಾಡುತ್ತಿದ್ದ, ಮುಗಿಯಿತು. ಪಕ್ಕದಲ್ಲಿ ಕೂತ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆ ಪೇಟಿಯ ನಲವತ್ತೆರಡು ಮನೆಗಳಲ್ಲಿ ಅರ್ಧದಷ್ಟು ಎಲ್ಲೆಲ್ಲೋ ಇದ್ದವು. ಮಧ್ಯದ ಗಾಂಧಾರ ಗಾಂಧಾರವೂ ಅಲ್ಲ, ಅದರ ಕೆಳಗಿನದೂ ಅಲ್ಲ. ಪಂಚಮ ಒತ್ತಿದರೆ ಎರಡು ರೀಡು ಒಂದಕ್ಕೊಂದು ಜಗಳಕ್ಕೆ ಬಿದ್ದ ಹಾಗೆ ಗುಂಯ್ ಎನ್ನುತ್ತಿತ್ತು. ಗೆಳೆಯನ ಕೆಲಸವನ್ನೇ ಅಪ್ಪ ಹೀಗೆ ಅರೆಬರೆ ಮಾಡುತ್ತಾನಲ್ಲ ಎಂದು ನನಗೆ ಅಪ್ಪನ ಮೇಲೆ ಸಿಟ್ಟು.

ಹದಿನೈದರ ವಯಸ್ಸಿನಲ್ಲಿ ಒಮ್ಮೆ ತಡೆಯಲಾಗದೆ ಹೇಳಿಯೇಬಿಟ್ಟೆ. "ಕಾಕಾ, ನಿಮ್ಮ ಪೇಟಿ ಬೇಸೂರ ಐತ್ರಿ."

"ಹೌದ ನೋಡವಾ," ಎಂದರು ಅವರು, ಬಹಳ ಗಂಭೀರವಾಗಿ. "ಭಾಳ ಕಷ್ಟಪಟ್ಟು ಮಾಡೇನಿ."

ಅಪ್ಪ ನಕ್ಕ. ನಾನು ಅದನ್ನು ಚೇಷ್ಟೆ ಎಂದುಕೊಂಡೆ. ಆ ಮಾತಿನಲ್ಲಿ ಚೇಷ್ಟೆ ಇಷ್ಟೂ ಇರಲಿಲ್ಲ ಎಂದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಅವರು ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿದ್ದವರು. ಇಂಡಿ ಊರಿನಲ್ಲಿ ಕಂಪನಿ ಕ್ಯಾಂಪು ಹಾಕಿದಾಗ ಕಾಲುಪೇಟಿ ಬಾರಿಸುತ್ತಿದ್ದರು, ಕೆಳಗೆ ಕಾಲಿನಿಂದ ಗಾಳಿ ತುಂಬಿ ಎರಡೂ ಕೈಯಿಂದ ಬಾರಿಸುವ ದೊಡ್ಡ ಪೇಟಿ. ಅದೊಂದು ಕಣ್ಣೀರಿನ ನಾಟಕ. ಮಗ ಸತ್ತ ದೃಶ್ಯದಲ್ಲಿ ತಾಯಿಯ ಪಾತ್ರದವಳು ಹಾಡಬೇಕು, ಇವರು ಹಾಡಿನ ಕೆಳಗೆ ಮೆಲ್ಲಗೆ ಬಾರಿಸಬೇಕು. ದಿನಾ ಹಾಗೇ ನಡೆದಿತ್ತು. ಒಂದು ಆಟದಲ್ಲಿ ಇವರು ಹಾಡನ್ನು ಬಿಟ್ಟುಬಿಟ್ಟರು. ಎರಡೂ ಮೊಳಕೈಗಳನ್ನು ಮನೆಗಳ ಮೇಲೆ ಅಡ್ಡಡ್ಡ ಇಟ್ಟು, ಕಾಲಿನಿಂದ ಜೋರಾಗಿ ಗಾಳಿ ತುಂಬಿ, ಇಡೀ ಪೇಟಿಯನ್ನು ಒಮ್ಮೆಗೇ ಕೂಗಿಸಿದರು. ಪಾತ್ರದವಳು ಹಾಡು ನಿಲ್ಲಿಸಿ ಬಾಯಿ ತೆರೆದು ನಿಂತಳಂತೆ. ಆಟ ಮುಗಿದ ಮೇಲೆ ಮಾಲೀಕ, "ಸತ್ತಾಂವ ಆಕಿ ಮಗನೋ, ನಮ್ಮ ಕಂಪನಿಯೋ?" ಎಂದು ಕೇಳಿ, ಹಾಸಿಗೆ ಸುತ್ತಿಕೊಂಡು ಹೋಗಲು ಹೇಳಿದ. ಮಾಸ್ತರರು ಇದನ್ನು ಅಪ್ಪನೆದುರು ನಗುನಗುತ್ತಾ ಹೇಳುತ್ತಿದ್ದರು. ಅವರ ಮಾತಿಗೆ ಸಾಕ್ಷಿಯಾಗಿ ಒಂದು ಕ್ಯಾಸೆಟ್ಟೂ ಇತ್ತು. ಪ್ರೇಕ್ಷಕರಲ್ಲಿ ಯಾರೋ ಟೇಪ್ ರಿಕಾರ್ಡರು ಇಟ್ಟುಕೊಂಡು ತುಂಬಿಕೊಂಡದ್ದು, ನಕಲಿನ ನಕಲು ಅಪ್ಪನ ಕೈಗೆ ಬಂದಿತ್ತು. ಆ ಕೂಗು ಮುಗಿದ ಮೇಲೆ ಅದರಲ್ಲಿ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕೂಸು ಅಳುತ್ತದೆ. ಆಮೇಲೆ ಸಿಳ್ಳೆ, ಬೈಗುಳ. ಅಪ್ಪ ಅದನ್ನು ಎಷ್ಟು ಸಲ ಹಾಕಿದನೆಂದರೆ ಕಡೆಗೊಂದು ದಿನ ಟೇಪು ಯಂತ್ರದೊಳಗೆ ಸುತ್ತಿಕೊಂಡು ಹರಿದುಹೋಯಿತು. ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಕಂಪನಿ ಬಿಟ್ಟ ಮೇಲೆ ತಂಗಡಗಿಯ ಕಡೆಯ ಭಜನಾ ಮಂಡಳಿಯೊಂದರಲ್ಲಿ ಕೆಲವು ವರ್ಷ ಇದ್ದರು. ಆಗ ಮುದ್ದೇಬಿಹಾಳದ ಕ್ಯಾಸೆಟ್ ಅಂಗಡಿಯವನೊಬ್ಬ ಆ ಮಂಡಳಿಯ ತತ್ವಪದಗಳನ್ನು ತುಂಬಿಸಿದ. ಐದು ಪದ ಮಾಸ್ತರರು ತಾಳಕ್ಕೆ ಬಿದ್ದು ಶಿಸ್ತಾಗಿ ಬಾರಿಸಿದ್ದಾರೆ. ಆರನೆಯದರಲ್ಲಿ ತಬಲಾದವನನ್ನು ಅವನ ಪಾಡಿಗೆ ಬಿಟ್ಟು ಬೇರೆ ದಾರಿ ಹಿಡಿದರು. ಅಂಗಡಿಯವನು ಅವರ ಮೈಕಿನ ದನಿ ಇಳಿಸಿಬಿಟ್ಟ. ಆ ಕ್ಯಾಸೆಟ್ಟಿನಲ್ಲಿ ಆರನೆಯ ಪದದ ಪೇಟಿ ಪಕ್ಕದ ಮನೆಯಲ್ಲಿ ಯಾರೋ ಬಾರಿಸಿದಂತೆ ಕೇಳುತ್ತದೆ. ಕವರಿನ ಫೋಟೋದಲ್ಲಿ ಹಾಡುಗಾರರು, ತಬಲಾದವನು, ತಾಳದವನು ಎಲ್ಲರೂ ಇದ್ದಾರೆ; ಮಾಸ್ತರರ ಮೊಳಕೈ ಮಾತ್ರ ಇದೆ. "ಬಾರಸಾಕ ನನಗ ಬೇಕಾದದ್ದ ಅದ ಬಿಡು," ಎನ್ನುತ್ತಿದ್ದರು. ಮಂಡಳಿಯೂ ಅಲ್ಲಿಗೆ ಮುಗಿಯಿತು. ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಗಿರಣಿ ಸೇರಿದರು.

ಅಪ್ಪನ ಜೊತೆ ಒಮ್ಮೆ ಇಂಗಳೇಶ್ವರಕ್ಕೆ ಹೋಗಿದ್ದೆ. ಕರೆಂಟು ಹೋಗಿ ಗಿರಣಿ ನಿಂತಿತ್ತು. ಹೆಂಗಸರು ಜೋಳದ ಡಬ್ಬಿಗಳನ್ನು ಸಾಲಿಗಿಟ್ಟು ಮನೆಗೆ ಹೋಗಿದ್ದರು. ಮಾಸ್ತರರು ಚೀಲದ ಮೇಲೆ ಕೂತು ಪೇಟಿ ತೆಗೆದರು. ರಾಗವಿಲ್ಲ, ತಾಳವಿಲ್ಲ, ಪಲ್ಲವಿ ಎನ್ನುವ ಮಾತೇ ಇಲ್ಲ. ಒಂದು ಮನೆಯನ್ನು ಬಹಳ ಹೊತ್ತು ಒತ್ತಿ ಹಿಡಿದರು, ಅಂಗೈಯಿಂದ ಐದಾರು ಮನೆಗಳನ್ನು ಒಮ್ಮೆಗೇ ಬಡಿದರು, ನಡುವೆ ಗಾಳಿ ಮುಗಿಯಲು ಬಿಟ್ಟು ಸ್ವರ ಸಾಯುವುದನ್ನು ಕೇಳುತ್ತ ಕೂತರು. ಅಪ್ಪ ಕಣ್ಣು ಮುಚ್ಚಿದ್ದ. ನಾನು ಛಾವಣಿಯ ತಗಡು ಎಣಿಸುತ್ತಿದ್ದೆ.

ಮುಗಿಸಿದ ಮೇಲೆ ನನಗೆ ಹೇಳಿದರು. "ಕಾಳು ತೀರಿದ ಮ್ಯಾಲ ಗಿರಣಿ ಬರೇ ಕಲ್ಲ ತಿರಗತಾವ ನೋಡು, ಆಗೊಂದು ಸುರ ಹಿಡಿತೈತಿ. ಅದು ನಿಮ್ಮ ಪ್ಯಾಟ್ಯಾಗಿನ ಯಾವ ಪೇಟ್ಯಾಗೂ ಇಲ್ಲ."

ಹಿಟ್ಟಿನ ಗಿರಣಿಯ ಸದ್ದನ್ನು ಪೇಟಿಯಲ್ಲಿ ಯಾಕೆ ಹುಡುಕಬೇಕು ಎಂದು ನನಗೆ ಅರ್ಥವಾಗಲಿಲ್ಲ. ಸಿಂದಗಿಗೆ ಹೊರಟ ಬಸ್ಸಿನಲ್ಲಿ ಮಾತ್ರ ಇಂಜಿನ್ನಿನ ಗುರ್ರು ಯಾವುದೋ ಮನೆ ಹುಡುಕುತ್ತಿದೆ ಅನ್ನಿಸಿ, ಈ ಮನುಷ್ಯ ನನ್ನ ಕಿವಿ ಕೆಡಿಸಿದ ಎಂದು ಸಿಟ್ಟು ಬಂತು.

ಅವರ ಹತ್ತಿರ ಒಂದು ಟೇಪ್ ರಿಕಾರ್ಡರು, ಒಂದೇ ಒಂದು ಖಾಲಿ ಕ್ಯಾಸೆಟ್ಟು ಇತ್ತು. ಗಿರಣಿಗೆ ರಜೆ ಇರುವ ಅಮಾವಾಸ್ಯೆಯ ದಿನ ಬಾರಿಸಿ ಅದಕ್ಕೆ ತುಂಬುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಅದರ ಮೇಲೆಯೇ ಮತ್ತೆ ತುಂಬುತ್ತಿದ್ದರು. ಹಳೆಯದು ಅಳಿಸಿಹೋಗುತ್ತಿತ್ತು. ಇನ್ನೊಂದು ಕ್ಯಾಸೆಟ್ಟು ತಂದುಕೊಡುತ್ತೇನೆಂದು ಅಪ್ಪ ಹೇಳಿದರೆ ಬೇಡವೆಂದಿದ್ದರು. "ಹೋದ ತಿಂಗಳ ರೊಟ್ಟಿ ಯಾರರ ಇಟ್ಗೋತಾರೇನು?"

ಅಪ್ಪ ತೀರಿ ಒಂಬತ್ತು ವರ್ಷವಾಯಿತು. ಅಂಗಡಿ ಮುಚ್ಚಿತು. ಅರ, ಇಕ್ಕಳ, ಹಿತ್ತಾಳೆ ತಗಡು ಎಲ್ಲ ನನ್ನ ಮನೆಗೆ ಬಂದವು. ಸುತ್ತಲಿನ ಮಂಡಳಿಗಳ ಪೇಟಿಗಳನ್ನು ರಜೆಯಲ್ಲಿ ನಾನೇ ಸರಿಮಾಡುತ್ತಿದ್ದೆ. ನಿಡಗುಂದಿಯಿಂದಲೂ ಬಸ್ಸಿನಲ್ಲಿಟ್ಟು ಕಳಿಸುತ್ತಿದ್ದರು. ಹೆಣ್ಣುಮಗಳು ಪೇಟಿ ಬಿಚ್ಚುತ್ತಾಳೆಂದು ಮೊದಮೊದಲು ಅನುಮಾನಿಸಿದವರೇ ಆಮೇಲೆ ನನ್ನನ್ನು ಬಿಟ್ಟು ಬೇರೆಯವರಿಗೆ ಕೊಡುತ್ತಿರಲಿಲ್ಲ. ನನ್ನದೊಂದು ರೂಢಿ ಇತ್ತು. ಕೆಲಸ ಶುರುಮಾಡುವ ಮುಂಚೆ ಮೊಬೈಲಿನಲ್ಲಿ ಒಂದೊಂದೇ ಮನೆ ಒತ್ತಿ ರಿಕಾರ್ಡ್ ಮಾಡಿಕೊಳ್ಳುತ್ತಿದ್ದೆ, ಜೊತೆಗೆ ಬಾಯಲ್ಲಿ ಸರಿ, ತಪ್ಪು ಎಂದು ಹೇಳುತ್ತಿದ್ದೆ. ಗಿರಾಕಿಗಳಿಗೆ ಮೊದಲು ಹೇಗಿತ್ತು, ಈಗ ಹೇಗಾಗಿದೆ ಎಂದು ಕೇಳಿಸಲು. ಅವರ ಮುಖ ಅರಳುವುದನ್ನು ನೋಡುವುದೆಂದರೆ ನನಗೆ ಖುಷಿ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಧಾರವಾಡದಿಂದ ಒಬ್ಬರು ಫೋನು ಮಾಡಿದರು. ಹಳೆಯ ನಾಟಕ ಕಂಪನಿಗಳ ಪೇಟಿ ಮಾಸ್ತರರನ್ನು ಹುಡುಕಿ ಅವರ ಬಾರಿಸುವಿಕೆಯನ್ನು ತುಂಬಿಕೊಳ್ಳುತ್ತಿದ್ದೇವೆ, ನಿಮ್ಮ ಕಡೆ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳಿದರು. ಉಳಿದಿದ್ದವರು ಒಬ್ಬರೇ. ಅವರೂ ಆಗ ವಿಜಯಪುರದ ಆಸ್ಪತ್ರೆಯಲ್ಲಿದ್ದರು. ನಲವತ್ತು ವರ್ಷದ ಹಿಟ್ಟು ಎದೆಯೊಳಗೆ ಸೇರಿ ದಮ್ಮು ಹೆಚ್ಚಾಗಿತ್ತು.

ಹೋಗಿ ವಿಷಯ ಹೇಳಿದೆ. ಅವರು ಒಲ್ಲೆ ಅನ್ನುತ್ತಾರೆಂದೇ ನಾನು ತಿಳಿದಿದ್ದೆ.

"ಬರ್ತೇನಿ," ಎಂದರು. "ಆದ್ರ ಕಂಪನಿ ಪದ ಬಾರ್ಸೂದಿಲ್ಲ. ನಂದು ಬಾರಸ್ತೇನಿ. ಇಷ್ಟು ದಿನ ಅಳಿಸಿ ಅಳಿಸಿ ಇಟ್ಟೆ. ಇನ್ನ ಅಳಸಾಕ ದಿನ ಇಲ್ಲವಾ. ಒಮ್ಮಿ ಇರಲಿ."

"ಆತ್ರಿ ಕಾಕಾ," ಎಂದೆ. ಧಾರವಾಡದವರ ಎದುರು ಈ ಮನುಷ್ಯ ಅಂಗೈಯಿಂದ ಪೇಟಿ ಬಡಿಯುತ್ತಾ ಕೂತರೆ ಏನು ಗತಿ? ಅವರನ್ನು ತೋರಿಸಿಕೊಟ್ಟ ನನ್ನ ಮಾನವೇನು? ಪ್ರೀತಿಯಿಂದ ಮಾಡಿದೆ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಪ್ರೀತಿಯೂ ಇತ್ತು. ಆದರೆ ಮೊದಲು ಬಂದದ್ದು ನಾಚಿಕೆ.

ಅವರಿನ್ನೂ ಆಸ್ಪತ್ರೆಯಲ್ಲಿರುವಾಗಲೇ ಅವರ ಹೆಂಡತಿ, ನಾನು ಕಾಕು ಎಂದು ಕರೆಯುವವರು, ಪೇಟಿಯನ್ನು ಕೌದಿಯಲ್ಲಿ ಸುತ್ತಿ ಬಾಗೇವಾಡಿಗೆ ತಂದುಕೊಟ್ಟರು. "ಇಲಿ ಕಡದು ತಿದಿ ತೂತ ಬಿದ್ದೈತಿ ತಂಗಿ. ಅದೊಂದಿಷ್ಟು ನೋಡು. ಬಂದ ಕೂಡಲೆ ಕೇಳ್ತಾರ."

ತೂತಿಗೆ ತೆಳ್ಳನೆ ಆಡಿನ ಚರ್ಮ ಅಂಟಿಸಲು ಅರ್ಧ ತಾಸು ಸಾಕಾಯಿತು. ಅಲ್ಲಿಗೆ ಮುಚ್ಚಿಬಿಡಬೇಕಿತ್ತು. ರೀಡಿಗೆ ಕೈ ಹಚ್ಚಬ್ಯಾಡ ಎಂಬ ಮಾತು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳು. ನೆನಪಿತ್ತು. ಖರ್ಚಿಗೆ ಹೆದರಿ ಹಾಗನ್ನುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಮೊಬೈಲು ಹಚ್ಚಿಟ್ಟು ಮನೆಗಳನ್ನು ಒತ್ತುತ್ತ ಹೋದೆ. ನಲವತ್ತೆರಡರಲ್ಲಿ ಹತ್ತೊಂಬತ್ತು ತಪ್ಪು. ಮೇಲಿನ ಹಲಗೆ ಬಿಚ್ಚಿದಾಗ, ಆ ಹತ್ತೊಂಬತ್ತು ರೀಡುಗಳ ಪಕ್ಕದಲ್ಲಿ ಮಾತ್ರ ಕಟ್ಟಿಗೆಯ ಮೇಲೆ ಸೀಸದ ಕಡ್ಡಿಯ ಸಣ್ಣ ಗೆರೆಗಳು ಕಂಡವು. ಒಂದರ ಪಕ್ಕ ನಾಲ್ಕು, ಇನ್ನೊಂದರ ಪಕ್ಕ ಏಳು, ಮಧ್ಯದ ಗಾಂಧಾರದ ಪಕ್ಕ ಇಪ್ಪತ್ತಕ್ಕೂ ಹೆಚ್ಚು. ಕೆಲಸ ಗೊತ್ತಿಲ್ಲದ ರಿಪೇರಿಯವರು ಕೆಡಿಸಿದ ರೀಡುಗಳಿಗೆ ಇಂಥ ಗುರುತು ಹಾಕಿ ಅರ್ಧಕ್ಕೆ ಕೈಬಿಡುವುದನ್ನು ನಾನು ಎಷ್ಟೋ ಪೇಟಿಗಳಲ್ಲಿ ಕಂಡಿದ್ದೆ. ಯಾವನೋ ಕೈಲಾಗದವನು ಕಾಕಾನ ಪೇಟಿ ಹಾಳು ಮಾಡಿದ್ದಾನೆ, ಪಾಪ, ಅವರು ಜೀವಮಾನವೆಲ್ಲ ಅದನ್ನೇ ಬಾರಿಸಿಕೊಂಡು ಬಂದಿದ್ದಾರೆ ಎಂದು ಮರುಗಿದೆ. ಮರುಕ ಬಂದ ಮೇಲೆ ನನ್ನ ಕೈ ಹಿಡಿಯುವವರು ಯಾರು?

ಎರಡು ದಿನ ಕೆಲಸ ಮಾಡಿದೆ. ಹನ್ನೆರಡು ರೀಡುಗಳನ್ನು ಕೆರೆದು ಶ್ರುತಿಗೆ ತಂದೆ. ಏಳು ತೀರ ಸವೆದಿದ್ದವು, ಗಾಂಧಾರದ್ದಂತೂ ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅವನ್ನು ಕಿತ್ತು, ಮಿರಜದಿಂದ ತರಿಸಿಟ್ಟಿದ್ದ ಹೊಸ ರೀಡು ಕೂರಿಸಿದೆ. ಹಳೆಯವನ್ನು ಗುಜರಿಯವನ ಗಾಡಿಗೆ ಹಾಕಿದೆ. ಗೆರೆಗಳನ್ನು ಉಜ್ಜುಕಾಗದದಿಂದ ಉಜ್ಜಿ ಹಲಗೆಗೆ ಪಾಲಿಶ್ ಕೊಟ್ಟೆ. ಕಡೆಗೆ ಬಾರಿಸಿ ನೋಡಿದರೆ ಪೇಟಿ ಅಷ್ಟು ಮಧುರವಾಗಿ ನುಡಿಯಿತು, ಅಪ್ಪ ಇರಬೇಕಿತ್ತು ಎನ್ನಿಸಿ ಕಣ್ಣಲ್ಲಿ ನೀರು ಬಂತು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಾಲಿಯ ಪ್ರಾರ್ಥನೆಯ ಕೋಣೆಯಲ್ಲೇ ರಿಕಾರ್ಡಿಂಗು ಇಟ್ಟುಕೊಂಡೆವು. ಧಾರವಾಡದಿಂದ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು ಯಂತ್ರಗಳನ್ನು ತಂದಿದ್ದರು. ಫ್ಯಾನು ಬಂದ್ ಮಾಡಿದರು, ಕಿಟಕಿಗೆ ಜಮಖಾನೆ ಕಟ್ಟಿದರು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಅವರ ಹುಬ್ಬಿನ ಮೇಲೆ ಹಿಟ್ಟಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಬ್ಬು ನಿಜಕ್ಕೂ ಬೆಳ್ಳಗಾಗಿತ್ತು. ನಾನು ಪೇಟಿಯನ್ನು ಅವರ ಮುಂದಿಟ್ಟೆ. ಏನು ಮಾಡಿದ್ದೇನೆಂದು ಹೇಳಲಿಲ್ಲ. ಮೊದಲ ಸ್ವರಕ್ಕೇ ಅವರು ಬೆರಗಾಗಲಿ ಎಂಬ ಆಸೆ.

"ಶುರು ಮಾಡ್ರಿ ಸರ್," ಎಂದರು ಯಂತ್ರದವರು.

ಎಡಗೈಯಿಂದ ತಿದಿ ತೆರೆದು ಮಧ್ಯದ ಗಾಂಧಾರ ಒತ್ತಿದರು. ಬೆರಳು ತೆಗೆದರು. ಮತ್ತೆ ಒತ್ತಿದರು. ಪಂಚಮ ಒತ್ತಿದರು. ಕೆಳಗಿನ ಒಂದೆರಡು ಮನೆ ನೋಡಿದರು. ಆಮೇಲೆ ಕೈ ಎತ್ತಿ ಪೇಟಿಯ ಪಕ್ಕದ ಕಟ್ಟಿಗೆಯನ್ನು ಒಂದು ಸಲ ಸವರಿದರು. ನನ್ನ ಕಡೆ ನೋಡಲಿಲ್ಲ.

ಕಂಪನಿ ನಾಟಕದ ನಾಂದಿ ಪದವನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದರು. ಅದರ ಹಿಂದೆ ಇನ್ನೂ ಮೂರು ಪದ. ತಾಳ ತಪ್ಪಲಿಲ್ಲ, ಬೆರಳು ತಪ್ಪಲಿಲ್ಲ. ಯಾವ ಮೇಷ್ಟರೂ ಎದ್ದು ಕೈಮುಗಿಯಬೇಕು ಅಂಥ ಕೆಲಸ. "ಇಷ್ಟು ಶುದ್ಧ ಪೇಟಿ ನಾವು ಎಲ್ಲೂ ಕೇಳಿಲ್ರಿ," ಎಂದರು ಧಾರವಾಡದ ಹೆಣ್ಣುಮಗಳು. ನಾನು ಹಿಗ್ಗಿದೆ. ನನ್ನ ಮಾನ ಉಳಿಯಿತು ಎಂದು ಹಿಗ್ಗಿದೆ. ಇನ್ನೇನಾದರೂ ಬಾರಿಸುತ್ತೀರಾ ಎಂದು ಅವರು ಕೇಳಿದಾಗ ಮಾಸ್ತರರು, "ಇಷ್ಟ ರೀ ನಂದು," ಎಂದು ತಿದಿಯ ಕೊಂಡಿ ಹಾಕಿದರು.

ಹೊರಗೆ ಪಡಸಾಲೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನನ್ನನ್ನು ಕೇಳಿದರು. "ಒಳಗ ಗೆರಿ ಕಾಣಲಿಲ್ಲೇನವಾ?"

"ಕಂಡೂರಿ ಕಾಕಾ."

"ಹೂಂ," ಎಂದರು. ಬಸ್ ಸ್ಟ್ಯಾಂಡಿನವರೆಗೂ ಪೇಟಿಯನ್ನು ನಾನೇ ಹಿಡಿದುಕೊಂಡು ನಡೆದೆ. ದಾರಿಯುದ್ದಕ್ಕೂ ಅವರ ಉಬ್ಬಸ ಕೇಳುತ್ತಿತ್ತು.

ಭಾಳ ಕಷ್ಟಪಟ್ಟು ಮಾಡೇನಿ. ಆ ಮಾತು ನನಗೆ ಬಸ್ಸು ಹೋದ ಮೇಲೆ ನೆನಪಾಯಿತು. ಮುಂದಿನ ಭಾನುವಾರದವರೆಗೆ ಕಾಯಲಾಗದೆ ಮರುದಿನ ರಜೆ ಹಾಕಿ ಇಂಗಳೇಶ್ವರಕ್ಕೆ ಹೋದೆ. ಅವರು ಒಳಗೆ ಮಲಗಿದ್ದರು. ಕಾಕು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು.

"ಆ ಗೆರಿ ಅವರ ಹಾಕತಿದ್ರು ತಂಗಿ," ಎಂದರು, ಮೊರದಿಂದ ಕಣ್ಣೆತ್ತದೆ. "ಒಂದ ಸಲ ಕೂದಲೆಳಿಯಷ್ಟ ಕೆರಿಯೂದು, ಒಂದ ಗೆರಿ. ಒಂದೊಂದ ರೀಡಿಗೆ ವರ್ಷಗಟ್ಲೆ ಹತ್ತೈತಿ. ಗಿರಣ್ಯಾಗ ಕೇಳಿ ಬರೂದು, ಬಂದು ಒತ್ತಿ ನೋಡೂದು, ಅಲ್ಲ ಅನ್ನೂದು, ಮತ್ತ ಎರಡ ತಿಂಗಳ ಸುಮ್ಮನ ಇರೂದು. ನಡುವಿಂದು ಹೋದ ವರ್ಷ ಕೂಡ್ತು. ಕೂಡಿದ ದಿವಸ ನನ್ನ ಕರದು ಕೇಳ್ಸಿದ್ರು. ನನಗೇನ ತಿಳಿತೈತಿ, ಗಿರಣಿ ಒದರಿದಂಗ ಆತು ಅಂದೆ. ಭಾಳ ಖುಷಿ ಆದ್ರು."

ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಅರೆಬರೆ ಕೆಲಸ ಎಂದು ನಾನು ಬೈದುಕೊಂಡದ್ದು ಅವನು ಗೆಳೆಯನಿಗೆ ತೋರಿದ ಮರ್ಯಾದೆಯಾಗಿತ್ತು. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಸತ್ತ ಅಪ್ಪನ ಮೇಲೂ ಸಿಟ್ಟು ಮಾಡಿಕೊಂಡೆ. ಆದರೆ ನಾನು ಕೇಳಿದ್ದರಲ್ಲವೇ ಅವನು ಹೇಳುವುದು.

ಒಳಗೆ ಹೋಗಿ ಅವರ ಕಾಲ ಹತ್ತಿರ ಕೂತು ಅತ್ತೆ. ಮತ್ತೆ ಕೆರೆದು ಮೊದಲಿನ ಹಾಗೆ ಮಾಡಿಕೊಡುತ್ತೇನೆ, ಮೊದಲಿನದನ್ನು ಮೊಬೈಲಿನಲ್ಲಿ ಹಿಡಿದಿದ್ದೇನೆ ಎಂದೆ.

"ಇನ್ನ ಕೆರಿಬ್ಯಾಡವಾ, ಮುರೀತಾವ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. "ಕಿತ್ತ ರೀಡು ಎಲ್ಲಿ ಅದಾವ?"

ಗುಜರಿಗೆ ಹಾಕಿದೆ ಎಂದು ಹೇಳಿದೆ. ಅವರು ಗೋಡೆಯ ಕಡೆ ಹೊರಳಿದರು.

ಬಾಗೇವಾಡಿಯ ಗುಜರಿಯವರನ್ನೆಲ್ಲ ಹುಡುಕಿದೆ. ಹಿತ್ತಾಳೆ ಎಂದೋ ಲಾರಿ ಹತ್ತಿ ಹೋಗಿತ್ತು. ವಾರದೊಳಗೆ ಮಾಸ್ತರರು ಪೇಟಿಯನ್ನು ಊರಿನ ಭಜನಾ ಮಂಡಳಿಗೆ ಕೊಟ್ಟುಬಿಟ್ಟರು. ಮಳೆಗಾಲ ಮುಗಿಯುವ ಮುನ್ನ ತೀರಿಕೊಂಡರು.

ನಮ್ಮಲ್ಲಿ ಸತ್ತವರನ್ನು ಮಣ್ಣಿಗೆ ಒಯ್ಯುವ ತನಕ ಗೋಡೆಗೆ ಆನಿಸಿ ಕೂರಿಸುತ್ತಾರೆ, ಎದುರಿಗೆ ಭಜನೆ ಮಾಡುತ್ತಾರೆ. ನಾನು ಹೋದಾಗ ಮಧ್ಯಾಹ್ನದ ಬಿಸಿಲು. ಕಟ್ಟೆಯ ಮೇಲೆ ಮಾಸ್ತರರು ವಿಭೂತಿ ಹಚ್ಚಿಸಿಕೊಂಡು, ಹೂವಿನ ಹಾರ ಹಾಕಿಸಿಕೊಂಡು ಕೂತಿದ್ದರು. ಎದುರಿಗೆ ಮಂಡಳಿಯವರು ಅವರದೇ ಪೇಟಿ ಬಾರಿಸುತ್ತಿದ್ದರು. ಒಂದೊಂದು ಮನೆಯೂ ಶ್ರುತಿಯಲ್ಲಿತ್ತು. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು, "ಎಂಥಾ ಸುರ ನೋಡ್ರಿ, ಮಾಸ್ತರ ಪುಣ್ಯೇದ ಪೇಟಿ," ಎಂದು ಕಣ್ಣೊರೆಸಿಕೊಂಡರು. ನಾಲ್ಕು ತಾಸು ಮಾಸ್ತರರು ಅದನ್ನು ಕೇಳುತ್ತ ಕೂರಬೇಕಾಯಿತು. ನಾನೂ ಕೂತೆ. ಎದ್ದು ಹೋಗುವ ಹಕ್ಕು ನನಗಿರಲಿಲ್ಲ.

ಕಾರ್ಯ ಮುಗಿದ ಮೇಲೆ ಕಾಕು ಆ ಒಂದೇ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. ಪೇಟಿ ಕೊಟ್ಟುಬಿಡುವ ಹಿಂದಿನ ದಿನ ಏನನ್ನೋ ತುಂಬಿದ್ದಾರೆ ಎಂದರು. ಅಪ್ಪನ ಹಳೆಯ ಯಂತ್ರ ಸರಿಮಾಡಿಸಿ ಹಾಕಿದೆ. ಒಂದೂ ಸ್ವರವಿಲ್ಲ. ತಿದಿ ತೆರೆಯುವ ಸದ್ದು, ಮುಚ್ಚುವ ಸದ್ದು, ಚರ್ಮ ಮಡಚುವ ಸದ್ದು, ನಡುನಡುವೆ ಅವರ ಉಬ್ಬಸ. ಯಾವ ಮನೆಯನ್ನೂ ಒತ್ತದೆ ಗಾಳಿಯನ್ನಷ್ಟೇ ಬಾರಿಸಿದ್ದಾರೆ. ಕೆಲವೊಮ್ಮೆ ವೇಗವಾಗಿ, ಕೆಲವೊಮ್ಮೆ ನಿಲ್ಲಿಸಿಯೇಬಿಟ್ಟರು ಅನ್ನುವಷ್ಟು ನಿಧಾನವಾಗಿ. ಪೇಟಿಯಲ್ಲಿ ಅವರದೆಂದು ಉಳಿದದ್ದು ಅದೊಂದೇ. ಅದರಲ್ಲೂ ನಾನು ಹಚ್ಚಿದ ತೇಪೆ ಇದೆ.

ಹೋದ ತಿಂಗಳು ಧಾರವಾಡದವರು ಮತ್ತೆ ಫೋನು ಮಾಡಿದ್ದರು. ಇಂಡಿಯ ಕಡೆ ಯಾರೋ ಮುದುಕರು ಆ ಹಳೆಯ ಆಟದ ಕಥೆ ಹೇಳಿದರಂತೆ, ಮಾಸ್ತರರು ಹಾಗೆ ಬಾರಿಸಿದ ಬೇರೆ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಕ್ಯಾಸೆಟ್ಟು ಇದೆ ಎಂದೆ. ಮೊಬೈಲಿನದನ್ನು ಹೇಳಲು ಬಾಯಿ ಬರಲಿಲ್ಲ.

ಆ ಹತ್ತೊಂಬತ್ತು ಸ್ವರಗಳು ಇವತ್ತು ಈ ಭೂಮಿಯ ಮೇಲೆ ಇರುವುದು ನನ್ನ ಮೊಬೈಲಿನಲ್ಲಿ ಮಾತ್ರ. ಅದರಲ್ಲಿ ನಾನು ಒಂದು ಮನೆ ಒತ್ತುತ್ತೇನೆ, ಸ್ವರ ಬರುತ್ತದೆ, ನನ್ನ ದನಿ ತಪ್ಪು ಎನ್ನುತ್ತದೆ. ಇನ್ನೊಂದು, ತಪ್ಪು. ಮಧ್ಯದ ಗಾಂಧಾರಕ್ಕೆ, ಮೂವತ್ತಕ್ಕೂ ಹೆಚ್ಚು ವರ್ಷ ಗಿರಣಿಯಲ್ಲಿ ಕೇಳಿ ಕೇಳಿ ಕೂಡಿಸಿದ ಆ ಸ್ವರಕ್ಕೆ, "ಪೂರಾ ತಪ್ಪು" ಎಂದು ನಕ್ಕಿದ್ದೇನೆ. ನನ್ನ ದನಿಯನ್ನಷ್ಟು ತೆಗೆದು ಸ್ವರಗಳನ್ನು ಉಳಿಸಿಕೊಡಲು ಆಗುತ್ತದೆಯೇ ಎಂದು ನಮ್ಮ ಸಾಲಿಯ ಕಂಪ್ಯೂಟರ್ ಟೀಚರನ್ನು ಕೇಳಿದೆ. ಆಕೆ ಕಿವಿಗೆ ಹಚ್ಚಿಕೊಂಡು ಎಲ್ಲವನ್ನೂ ಕೇಳಿ, ಆಗುವುದಿಲ್ಲ ಎಂದರು. ಸ್ವರ ನಿಂತ ಮೇಲೆ ಮಾತಾಡಿದ್ದರೆ ಕತ್ತರಿಸಬಹುದಿತ್ತಂತೆ. ಒಂದು ಸ್ವರವನ್ನೂ ನಾನು ಮುಗಿಯುವವರೆಗೆ ಕೇಳಿಲ್ಲ.